ಕೊನೆಯ ಟೈಮ್ ಟ್ರಯಲ್ ಯಾರಿಗೆ? ಚೀಟಿ ಬರೆಯುವ ಮುಂಚೆ ಮಾಡಬೇಕಾದ ಲೆಕ್ಕ

2020ರ ಸೆಪ್ಟೆಂಬರ್ 19ರ ರಾತ್ರಿ ನಾನು ಎರಡು ಬೆಣ್ಣೆ ದೋಸೆ ಸೋತೆ. ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ 20ನೇ ಸ್ಟೇಜ್ (ಒಂದು ದಿನದ ಓಟ), ಲ್ಯೂರ್ ಅನ್ನೋ ಊರಿನಿಂದ ಲಾ ಪ್ಲಾಂಶ್ ದೆ ಬೆಲ್ ಫೀ ಬೆಟ್ಟದ ತುದಿಗೆ 36.2 ಕಿ.ಮೀ. ಟೈಮ್ ಟ್ರಯಲ್. ಒಟ್ಟು ಸಮಯದಲ್ಲಿ ಮುಂದಿರುವವನು ಹಾಕುವ ಹಳದಿ ಜೆರ್ಸಿ ಸ್ಲೊವೇನಿಯಾದ ಪ್ರಿಮೋಜ್ ರೊಗ್ಲಿಚ್ ಮೈಮೇಲಿತ್ತು. ಅದೇ ಸ್ಲೊವೇನಿಯಾದ ಹುಡುಗ ತಡೇಯ್ ಪೊಗಾಚಾರ್ 57 ಸೆಕೆಂಡ್ ಹಿಂದೆ. ನಮ್ಮದು ನಾಲ್ಕು ಜನರ ಗುಂಪು, ದೋಸೆ ಪಂದ್ಯ: ಶುರುವಾಗುವ ಮುಂಚೆ ಯಾರು ಗೆಲ್ಲುತ್ತಾರೆ ಅಂತ ಎಲ್ಲರೂ ಚೀಟಿ ಬರೆದಿಡಬೇಕು, ಆಮೇಲೆ ತಿದ್ದುವ ಹಾಗಿಲ್ಲ. ನಾನು ಬರೆದದ್ದು: "ರೊಗ್ಲಿಚ್ ಉಳಿಸಿಕೊಳ್ಳುತ್ತಾನೆ, ಹೋದರೆ 20 ಸೆಕೆಂಡ್ ಹೋಗಬಹುದು." ಅವನು ಕಳೆದುಕೊಂಡಿದ್ದು 1 ನಿಮಿಷ 56 ಸೆಕೆಂಡ್. ಇನ್ನೆರಡು ದಿನಕ್ಕೆ 22 ತುಂಬಬೇಕಿದ್ದ ಪೊಗಾಚಾರ್ 59 ಸೆಕೆಂಡ್ ಅಂತರದಲ್ಲಿ ಟೂರ್ ಗೆದ್ದ.

ಆವತ್ತಿನಿಂದ ನಾನು ಸುಮ್ನೆ ಹೆಸರು ನೋಡಿ ಬರೆಯುವುದನ್ನು ಬಿಟ್ಟೆ. ಈಗ ಒಂದು ಕ್ರಮ ಇದೆ. ಅದರಿಂದ ಪ್ರತಿ ಸಲ ಸರಿಯಾಗುತ್ತದೆ ಅಂತಲ್ಲ, ಆದರೆ ತಪ್ಪಾದಾಗ ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತದೆ.

ಹೊಸಬರಿಗೆ ಎರಡೇ ಮಾತು. ಟೈಮ್ ಟ್ರಯಲ್‌ನಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಡುತ್ತಾರೆ. ಅಲ್ಲಿಯವರೆಗಿನ ಒಟ್ಟು ಸಮಯದ ಪಟ್ಟಿಯಲ್ಲಿ ಕೊನೆಯಲ್ಲಿರುವವನು ಮೊದಲು, ಮುಂದಿರುವವನು ಕೊನೆಗೆ. ಯಾರ ಬೆನ್ನ ಹಿಂದೆಯೂ ಅಡಗಿ ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ, ತಂಡದವರು ಎಳೆದುಕೊಂಡು ಹೋಗುವುದಿಲ್ಲ. ಹಾಗಾಗಿಯೇ ಇದನ್ನು ಮುಂಚೆಯೇ ಲೆಕ್ಕ ಹಾಕಬಹುದು. ಬೇರೆ ಸ್ಟೇಜ್‌ಗಳಲ್ಲಿ ಯಾರು ಯಾವಾಗ ಓಡಿಹೋಗುತ್ತಾರೋ, ಯಾರ ಜೊತೆ ಯಾರು ಒಪ್ಪಂದ ಮಾಡಿಕೊಳ್ಳುತ್ತಾರೋ ಹೇಳುವುದು ಕಷ್ಟ.

ಮೊದಲು ಭಾಗಾಕಾರ

ಅಂತರವನ್ನು ಕಿಲೋಮೀಟರ್‌ನಿಂದ ಭಾಗಿಸಿ. ಬರುವ ಸಂಖ್ಯೆಯೇ ನಿಮ್ಮ ಚೀಟಿಯ ಬುನಾದಿ: ಹಿಂದಿರುವವನು ಪ್ರತಿ ಕಿಲೋಮೀಟರಿಗೆ ಎಷ್ಟು ಸೆಕೆಂಡ್ ಕಿತ್ತುಕೊಳ್ಳಬೇಕು? 57 ಸೆಕೆಂಡ್ ಅಂದರೆ ಜಾಸ್ತಿ ಅನ್ನಿಸುತ್ತದೆ. 36.2 ಕಿ.ಮೀ.ಗೆ ಹಂಚಿದರೆ ಒಂದೂವರೆ ಸೆಕೆಂಡ್ ಚಿಲ್ಲರೆ. ಈಗ ಅಷ್ಟೇನೂ ದೊಡ್ಡದು ಅನ್ನಿಸಲ್ಲ, ಅಲ್ವಾ?

ಹಳೆಯ ಕೆಲವು ರೇಸ್‌ಗಳನ್ನು ಹೀಗೇ ನೋಡಿ. 2011ರ ಟೂರ್‌ನಲ್ಲಿ ಆಂಡಿ ಶ್ಲೆಕ್‌ಗೂ ಕೆಡೆಲ್ ಇವಾನ್ಸ್‌ಗೂ ಮಧ್ಯೆ ಇದ್ದದ್ದು ಇದೇ 57 ಸೆಕೆಂಡ್, ಗ್ರೆನೋಬ್ಲ್‌ನಲ್ಲಿ 42.5 ಕಿ.ಮೀ. ಬೇಕಾಗಿದ್ದು ಕಿಲೋಮೀಟರಿಗೆ 1.3 ಸೆಕೆಂಡ್, ಇವಾನ್ಸ್ ತೆಗೆದದ್ದು ಮೂರೂವರೆ. 2017ರ ಜಿರೋ ದಿತಾಲಿಯಾದ (ಇಟಲಿಯ ಮೂರು ವಾರದ ರೇಸ್) ಕೊನೆಯ ದಿನ ಟಾಮ್ ಡುಮೊಲಿನ್‌ಗೆ ನೈರೊ ಕಿಂಟಾನಾನಿಂದ 53 ಸೆಕೆಂಡ್ ಬೇಕಿತ್ತು, ಮೋಂಜಾದಿಂದ ಮಿಲಾನ್‌ಗೆ 29.3 ಕಿ.ಮೀ. ಅಂದರೆ ಕಿಲೋಮೀಟರಿಗೆ 1.8. ಸಿಕ್ಕಿದ್ದು 2.9ರ ಹತ್ತಿರ. 2008ರ ಟೂರ್‌ನಲ್ಲಿ ಇದೇ ಇವಾನ್ಸ್‌ಗೆ ಕಾರ್ಲೋಸ್ ಸಾಸ್ತ್ರೆಯಿಂದ 53 ಕಿ.ಮೀ.ನಲ್ಲಿ 94 ಸೆಕೆಂಡ್ ಬೇಕಿತ್ತು, ಅದೂ 1.8ರ ಆಸುಪಾಸು. ಸಿಕ್ಕಿದ್ದು ಬರೀ 29 ಸೆಕೆಂಡ್.

ನನ್ನ ಕೈಲೆಕ್ಕ ಹೀಗಿದೆ. ಬೇಕಾದದ್ದು 1ಕ್ಕಿಂತ ಕಡಿಮೆ ಇದ್ದು, ಹಿಂದಿರುವವನು ಟೈಮ್ ಟ್ರಯಲ್‌ನಲ್ಲಿ ನಿಜಕ್ಕೂ ಚುರುಕಾಗಿದ್ದರೆ ಜೆರ್ಸಿ ಕೈ ಬದಲಾಯಿತು ಅಂತಲೇ ಬರೆಯುತ್ತೇನೆ. 1ರಿಂದ 2ರ ಮಧ್ಯೆ ಇದ್ದರೆ ಕೆಳಗಿನ ಎಲ್ಲ ಲೆಕ್ಕವನ್ನೂ ಮಾಡುತ್ತೇನೆ. 2 ದಾಟಿದರೆ ಮುಂದಿರುವವನ ಪರ. ಆದರೆ 1989ರಲ್ಲಿ ಇದೇ ನಿಯಮ ಮುರಿಯಿತು, ಅದಕ್ಕೆ ಆಮೇಲೆ ಬರುತ್ತೇನೆ.

ರಸ್ತೆ ಎಂಥದು?

ಇದನ್ನು ಜನ ಜಾಸ್ತಿ ಯೋಚಿಸುವುದಿಲ್ಲ. ಸಪಾಟು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಓಡುವವನ ಕಾಲಿನ ಬಲ ಬಹುಪಾಲು ಗಾಳಿ ಸೀಳುವುದಕ್ಕೇ ಖರ್ಚಾಗುತ್ತದೆ. ಆ ಖರ್ಚು ವೇಗದ ಜೊತೆ ಸಮಸಮ ಏರುವುದಿಲ್ಲ, ವೇಗ ಎರಡರಷ್ಟಾದರೆ ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆ. ಹಾಗಾಗಿ ಸಪಾಟಿನಲ್ಲಿ 3 ಪರ್ಸೆಂಟ್ ಜಾಸ್ತಿ ತುಳಿದರೆ ಸಮಯದಲ್ಲಿ ಉಳಿಯುವುದು ಸುಮಾರು 1 ಪರ್ಸೆಂಟ್ ಮಾತ್ರ. ಕಡಿದಾದ ಏರಿನಲ್ಲಿ ಗಾಳಿಯ ಕಾಟ ಕಡಿಮೆ, ಮೈ ಮತ್ತು ಸೈಕಲ್ಲಿನ ಭಾರ ಮೇಲೆತ್ತುವುದೇ ಕೆಲಸ. ಅಲ್ಲಿ 1 ಪರ್ಸೆಂಟ್ ಜಾಸ್ತಿ ತುಳಿದರೆ ಹೆಚ್ಚು ಕಡಿಮೆ 1 ಪರ್ಸೆಂಟ್ ಸಮಯವೇ ಸಿಗುತ್ತದೆ.

ಇದರ ಅರ್ಥ ಏನು ಅಂದರೆ, ಸಪಾಟು ರಸ್ತೆಯಲ್ಲಿ ಇಬ್ಬರ ಮಧ್ಯೆ ಅಂತರ ನಿಧಾನಕ್ಕೆ ಬೆಳೆಯುತ್ತದೆ, ಏರಿನಲ್ಲಿ ಒಬ್ಬ ಸೋತುಬಿಟ್ಟರೆ ಸೆಕೆಂಡ್‌ಗಳು ಅಕ್ಕಿ ಮೂಟೆ ಹರಿದ ಹಾಗೆ ಸುರಿದುಹೋಗುತ್ತವೆ. ನಂದಿ ಬೆಟ್ಟ ಹತ್ತಿದವರಿಗೆ ಇದು ಗೊತ್ತು. ಕೆಳಗಿನ ತಿರುವುಗಳಲ್ಲಿ ಹುಮ್ಮಸ್ಸಿನಿಂದ ತುಳಿದು, ಮೇಲಿನ ಕಡಿದಾದ ಭಾಗಕ್ಕೆ ಬಂದಾಗ ಕಾಲೇ ಬರಲ್ಲ, ಹಿಂದೆ ಬಿಟ್ಟು ಬಂದ ಅಂಕಲ್ ಗುನುಗುತ್ತಾ ದಾಟಿ ಹೋಗುತ್ತಾರೆ. ನನ್ನನ್ನು ಹಾಗೆ ದಾಟಿ ಹೋಗಿದ್ದಾರೆ.

ಲಾ ಪ್ಲಾಂಶ್‌ನ ಕೊನೆಯ ಏರು 5.9 ಕಿ.ಮೀ., ಸರಾಸರಿ 8.5 ಪರ್ಸೆಂಟ್. ಅದರ ಬುಡಕ್ಕೆ ಬರುವಷ್ಟರಲ್ಲೇ ರೊಗ್ಲಿಚ್ ಅರ್ಧ ನಿಮಿಷಕ್ಕಿಂತ ಜಾಸ್ತಿ ಕಳೆದುಕೊಂಡಿದ್ದ. ಉಳಿದ ಒಂದು ನಿಮಿಷಕ್ಕೂ ಜಾಸ್ತಿ ಹೋದದ್ದು ಆ ಆರೇ ಕಿಲೋಮೀಟರಿನಲ್ಲಿ.

ಆದ್ದರಿಂದ ರಸ್ತೆಯನ್ನು ಎರಡು ತುಂಡು ಮಾಡಿ, ಸಪಾಟಿಗೆ ಒಂದು ಲೆಕ್ಕ, ಏರಿಗೆ ಇನ್ನೊಂದು. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಮೋಸ ಹೋಗುತ್ತೀರಿ.

ಹಿಂದಿನ ಟೈಮ್ ಟ್ರಯಲ್‌ಗಳ ಅಂಕಿ

ಅದೇ ರೇಸಿನಲ್ಲಿ ಮುಂಚೆ ಟೈಮ್ ಟ್ರಯಲ್ ಆಗಿದ್ದರೆ ಅದಕ್ಕಿಂತ ಒಳ್ಳೆ ಸುಳಿವು ಇನ್ನೊಂದಿಲ್ಲ. ಆದರೆ ಅದನ್ನು ಹಾಗೇ ಎತ್ತಿ ಹಾಕಬಾರದು. 2017ರ ಜಿರೋ ತಗೊಳ್ಳಿ. ಎರಡನೇ ವಾರದಲ್ಲಿ ಮೊಂಟೆಫಾಲ್ಕೊದ 39.8 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಡುಮೊಲಿನ್ ಕಿಂಟಾನಾನಿಗಿಂತ 2 ನಿಮಿಷ 53 ಸೆಕೆಂಡ್ ಬೇಗ ಮುಗಿಸಿದ್ದ. ಕಿಲೋಮೀಟರಿಗೆ 4.3 ಸೆಕೆಂಡ್. ಅದೇ ದರದಲ್ಲಿ ಮಿಲಾನ್‌ನ 29.3 ಕಿ.ಮೀ.ಗೆ 2 ನಿಮಿಷ 7 ಸೆಕೆಂಡ್ ಬರಬೇಕಿತ್ತು. ಬಂದದ್ದು 1 ನಿಮಿಷ 24. ಸುಮಾರು ಮೂರನೇ ಎರಡರಷ್ಟು. ಜಿರೋ ಗೆಲ್ಲುವುದಕ್ಕೆ ಅದೇ ಸಾಕಾಯಿತು, ಆ ಮಾತು ಬೇರೆ.

2008 ಇನ್ನೂ ಕೆಟ್ಟದು. ನಾಲ್ಕನೇ ದಿನ ಶೋಲೆಯ 29.5 ಕಿ.ಮೀ.ನಲ್ಲಿ ಇವಾನ್ಸ್ ಸಾಸ್ತ್ರೆಗಿಂತ ಒಂದು ನಿಮಿಷಕ್ಕೂ ಜಾಸ್ತಿ ಬೇಗ ಬಂದಿದ್ದ, ಅಂದರೆ ಕಿಲೋಮೀಟರಿಗೆ ಎರಡು ಸೆಕೆಂಡ್ ಮೇಲೆ. ಆ ದರ ಉಳಿದಿದ್ದರೆ ಕೊನೆಯ 53 ಕಿ.ಮೀ.ನಲ್ಲಿ ಹಳದಿ ಜೆರ್ಸಿ ಅವನದೇ. ಆದರೆ ನಡುವೆ ಏನೇನು ಆಯ್ತು ನೋಡಿ: ಒಂಬತ್ತನೇ ಸ್ಟೇಜ್‌ನಲ್ಲಿ ಇವಾನ್ಸ್ ಬಿದ್ದು ಪೆಟ್ಟು ಮಾಡಿಕೊಂಡ, ಸಾಸ್ತ್ರೆ ಆಲ್ಪ್ ದ್ಯುಯೆಜ್ ಏರಿನಲ್ಲಿ ಎಲ್ಲರನ್ನೂ ಬಿಟ್ಟು ಹೋಗಿ ಗೆದ್ದ. ಮೂರನೇ ವಾರಕ್ಕೆ ಬಂದಾಗ ಇಬ್ಬರೂ ಮೊದಲ ವಾರದ ಸವಾರರಾಗಿ ಉಳಿದಿರಲಿಲ್ಲ. ಮೈಮೇಲೆ ಹಳದಿ ಜೆರ್ಸಿ ಇದ್ದವನು ತನ್ನ ಮಾಮೂಲಿಗಿಂತ ಚೆನ್ನಾಗಿ ಓಡಿಸುತ್ತಾನೆ ಅನ್ನುವುದು ಸೈಕಲ್ ಲೋಕದ ಹಳೆಯ ನಂಬಿಕೆ, ಸಾಸ್ತ್ರೆಯ ವಿಷಯದಲ್ಲಿ ನಾನೂ ನಂಬುತ್ತೇನೆ.

ನಾನು ಮಾಡುವುದು ಇಷ್ಟು. ಮೊದಲ ಎರಡು ವಾರದ ಅಂಕಿ ಸಿಕ್ಕರೆ ಮೂರನೇ ಒಂದು ಭಾಗ ಕಳೆಯುತ್ತೇನೆ. ಮಧ್ಯೆ ಯಾರಾದರೂ ಬಿದ್ದಿದ್ದರೆ, ಹೊಟ್ಟೆ ಕೆಟ್ಟಿದ್ದರೆ, ಇನ್ನೂ ಕಳೆಯುತ್ತೇನೆ.

ಆ ರೇಸಿನಲ್ಲಿ ಬೇರೆ ಟೈಮ್ ಟ್ರಯಲ್ ಇಲ್ಲದಿದ್ದರೆ? 2020ರ ಟೂರ್ ಹಾಗೇ ಇತ್ತು, ಇದ್ದದ್ದು ಅದೊಂದೇ. ಆಗ ಆ ವರ್ಷದ ಬೇರೆ ರೇಸ್ ಹುಡುಕಬೇಕು. ನಾನು ಹುಡುಕಲಿಲ್ಲ. ಹುಡುಕಿದ್ದರೆ ಜೂನ್‌ನಲ್ಲಿ ನಡೆದ ಸ್ಲೊವೇನಿಯಾದ ರಾಷ್ಟ್ರೀಯ ಟೈಮ್ ಟ್ರಯಲ್ ಕಣ್ಣಿಗೆ ಬೀಳುತ್ತಿತ್ತು. ಅದೂ ಕೊನೆಗೆ ಬೆಟ್ಟ ಹತ್ತುವ ರಸ್ತೆ. ಪೊಗಾಚಾರ್ ಅಲ್ಲಿ ರೊಗ್ಲಿಚ್‌ನನ್ನು 9 ಸೆಕೆಂಡ್‌ನಿಂದ ಸೋಲಿಸಿದ್ದ. ಅಂಥದೇ ರಸ್ತೆ, ಅದೇ ಇಬ್ಬರು, ಮೂರೇ ತಿಂಗಳ ಹಿಂದೆ! ದೋಸೆ ಸೋತ ಮೇಲೆ ಇದನ್ನು ಓದಿ ನನ್ನ ಹಣೆ ನಾನೇ ಚಚ್ಚಿಕೊಂಡೆ. ಅಷ್ಟು ನೋಡಿದ್ದರೂ 1 ನಿಮಿಷ 56 ಅಂತ ಬರೆಯುತ್ತಿರಲಿಲ್ಲ, ಆದರೆ ರೊಗ್ಲಿಚ್ ಸಲೀಸಾಗಿ ಉಳಿಸಿಕೊಳ್ಳುತ್ತಾನೆ ಅಂತಲೂ ಬರೆಯುತ್ತಿರಲಿಲ್ಲ.

ಇವಾನ್ಸ್‌ನ 2011ರ ಕಥೆಯಲ್ಲೂ ಇಂಥದೊಂದು ಸುಳಿವಿತ್ತು. ಗ್ರೆನೋಬ್ಲ್‌ನ ಅದೇ ರಸ್ತೆಯಲ್ಲಿ ಜೂನ್‌ನ ದೋಫಿನೆ ರೇಸಿನ ಟೈಮ್ ಟ್ರಯಲ್ ನಡೆದಿತ್ತು, ಇವಾನ್ಸ್ ಅಲ್ಲಿ ಓಡಿಸಿದ್ದ. ಯಾವ ತಿರುವಿನಲ್ಲಿ ಬ್ರೇಕ್ ಮುಟ್ಟಬೇಕು, ಎಲ್ಲಿ ಮುಟ್ಟದೆ ಹೋಗಬಹುದು ಅಂತ ರೇಸಿನ ವೇಗದಲ್ಲೇ ಕಲಿತಿದ್ದ.

ಕೊನೆಯ ಮೂರು ದಿನ

ಮೂರು ವಾರ ಓಡಿದ ಮೇಲೆ ಯಾರಲ್ಲಿ ಏನು ಉಳಿದಿದೆ ಅನ್ನುವುದು ಕೊನೆಯ ಬೆಟ್ಟದ ಸ್ಟೇಜ್‌ಗಳ ಕೊನೆಯ ಎರಡು ಕಿಲೋಮೀಟರಿನಲ್ಲಿ ಕಾಣುತ್ತದೆ. ಫಲಿತಾಂಶದ ಪಟ್ಟಿ ಮಾತ್ರ ನೋಡಬೇಡಿ. ದಿನದಿಂದ ದಿನಕ್ಕೆ ಏನಾಗುತ್ತಿದೆ ಅಂತ ನೋಡಿ: ಮಂಗಳವಾರ ಎಷ್ಟು ಸೆಕೆಂಡ್ ಕಳೆದುಕೊಂಡ, ಗುರುವಾರ ಎಷ್ಟು, ಶುಕ್ರವಾರ ಎಷ್ಟು.

ಇದೂ ಕೈಕೊಡುವುದುಂಟು. 2020ರಲ್ಲಿ ಟೈಮ್ ಟ್ರಯಲ್‌ಗೆ ಮೂರು ದಿನ ಮುಂಚೆ ಕೋಲ್ ದ ಲಾ ಲೋಜ್ ಏರಿನಲ್ಲಿ ರೊಗ್ಲಿಚ್‌ನೇ ಪೊಗಾಚಾರ್‌ಗಿಂತ 15 ಸೆಕೆಂಡ್ ಮುಂದೆ ಬಂದಿದ್ದ. ನಾನು ಮೋಸ ಹೋದದ್ದು ಅದನ್ನೇ ನೋಡಿ.

ಚಿಲ್ಲರೆ ವಿಷಯಗಳು

ಸೈಕಲ್ ಬದಲಾವಣೆ ಬಗ್ಗೆ ಟಿವಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ. ಟೈಮ್ ಟ್ರಯಲ್ ಸೈಕಲ್ ಗಾಳಿಗೆ ಒಳ್ಳೆಯದು, ಆದರೆ ಮಾಮೂಲಿ ರೇಸ್ ಸೈಕಲ್‌ಗಿಂತ ಒಂದು ಕೆ.ಜಿ. ಅಥವಾ ಸ್ವಲ್ಪ ಜಾಸ್ತಿ ತೂಕ. ಸವಾರ ಮತ್ತು ಸೈಕಲ್ ಸೇರಿ 75 ಕೆ.ಜಿ. ಅಂದುಕೊಂಡರೆ ಒಂದು ಕೆ.ಜಿ. ಅಂದರೆ 1.3 ಪರ್ಸೆಂಟ್, 16 ನಿಮಿಷದ ಏರಿನಲ್ಲಿ 12 ಸೆಕೆಂಡ್. ನಿಂತು, ಇಳಿದು, ಇನ್ನೊಂದು ಹತ್ತಿ, ಮತ್ತೆ ವೇಗ ಹಿಡಿಯುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ ಹೋಗುತ್ತದೆ. ಏರು ತೀರಾ ಕಡಿದಾಗಿದ್ದರೆ, ಉದ್ದವಾಗಿದ್ದರೆ ಮಾತ್ರ ಲಾಭ. 2023ರ ಟೂರ್‌ನಲ್ಲಿ ಪಾಸಿಯಿಂದ ಕೊಂಬ್ಲೂಗೆ 22.4 ಕಿ.ಮೀ. ಟೈಮ್ ಟ್ರಯಲ್ ಇತ್ತು. ಪೊಗಾಚಾರ್ ಸೈಕಲ್ ಬದಲಾಯಿಸಿದ, ಯೊನಾಸ್ ವಿಂಗೆಗೋರ್ ಬದಲಾಯಿಸಲಿಲ್ಲ. ವಿಂಗೆಗೋರ್ 1 ನಿಮಿಷ 38 ಸೆಕೆಂಡ್‌ನಿಂದ ಗೆದ್ದ. ಅಷ್ಟು ದೊಡ್ಡ ಅಂತರಕ್ಕೆ ಸೈಕಲ್ ಕಾರಣ ಅಲ್ಲ ಬಿಡಿ. ಮುಂಚೆ ಇಬ್ಬರ ಮಧ್ಯೆ ಇದ್ದದ್ದು 10 ಸೆಕೆಂಡ್, ಪೊಗಾಚಾರ್ ಕೂಡ ಮೂರನೆಯವನಿಗಿಂತ 1 ನಿಮಿಷ 13 ಸೆಕೆಂಡ್ ಬೇಗ ಬಂದಿದ್ದ. ಇಂಥ ದಿನ ಯಾರ ಚೀಟಿಯೂ ಸರಿಯಾಗಲ್ಲ.

ಗಾಳಿ, ಮಳೆ? ಬೆಳಗ್ಗೆ ಹೊರಟವನ ಸಮಯವನ್ನು ಸಂಜೆ ಹೊರಟವನ ಜೊತೆ ಹೋಲಿಸುವಾಗ ಇವು ದೊಡ್ಡ ವಿಷಯ. ಪಟ್ಟಿಯ ಮೊದಲ ಇಬ್ಬರು ಎರಡು ಮೂರು ನಿಮಿಷದ ಅಂತರದಲ್ಲಿ ಹೊರಡುತ್ತಾರೆ, ಇಬ್ಬರಿಗೂ ಬಹುತೇಕ ಒಂದೇ ಹವೆ. ಬೆನ್ನಿಗೆ ಗಾಳಿ ಇದ್ದರೆ ಇಬ್ಬರೂ ರಸ್ತೆಯ ಮೇಲೆ ಕಳೆಯುವ ಹೊತ್ತೇ ಕಡಿಮೆ, ಕಿತ್ತುಕೊಳ್ಳುವುದಕ್ಕೂ ಹೊತ್ತು ಕಡಿಮೆ. ಅದು ಮುಂದಿರುವವನಿಗೆ ಲಾಭ ಅಂತ ಹೇಳಬಹುದು. 1989ರಲ್ಲಿ ಪ್ಯಾರಿಸ್‌ನಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದು.

ಆ ಕಥೆ ಹೇಳದೆ ಇದನ್ನು ಮುಂದುವರಿಸುವ ಹಾಗಿಲ್ಲ. ಜುಲೈ 23, ವೆರ್ಸಾಯ್‌ನಿಂದ ಶಾಂಜೆಲಿಜೆಗೆ 24.5 ಕಿ.ಮೀ., ಟೂರ್‌ನ ಕೊನೆಯ ದಿನ. ಲೊರಾಂ ಫಿನ್ಯೋಂ 50 ಸೆಕೆಂಡ್ ಮುಂದೆ, ಗ್ರೆಗ್ ಲೆಮಾಂಡ್ ಹಿಂದೆ. ಬೇಕಾದದ್ದು ಕಿಲೋಮೀಟರಿಗೆ 2 ಸೆಕೆಂಡ್ ಚಿಲ್ಲರೆ. ಅದೇ ಟೂರ್‌ನಲ್ಲಿ ರೆನ್‌ಗೆ ಹೋದ 73 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಲೆಮಾಂಡ್ ಫಿನ್ಯೋಂನಿಂದ ತೆಗೆದದ್ದು 56 ಸೆಕೆಂಡ್, ಅಂದರೆ ಕಿಲೋಮೀಟರಿಗೆ 0.8 ಕೂಡ ಇಲ್ಲ. ಅದೇ ದರದಲ್ಲಿ ಪ್ಯಾರಿಸ್‌ಗೆ ಸುಮಾರು 19 ಸೆಕೆಂಡ್ ಬರಬೇಕು. ಲೆಮಾಂಡ್ ತೆಗೆದದ್ದು 58. ಗಂಟೆಗೆ ಸರಾಸರಿ 54.5 ಕಿ.ಮೀ. ವೇಗ, 8 ಸೆಕೆಂಡ್‌ನಿಂದ ಟೂರ್. ಅವನು ಟ್ರಯಥ್ಲಾನ್‌ನವರ ಹ್ಯಾಂಡಲ್ ಮೇಲೆ ಮೊಣಕೈ ಊರಿ, ಗಾಳಿಗೆ ಜಾರುವ ಹೆಲ್ಮೆಟ್ ಹಾಕಿ ಓಡಿಸಿದ. ಹಿಂದೆ ಬರುವ ತನ್ನ ತಂಡದ ಕಾರಿನವರಿಗೆ ಸಮಯ ಹೇಳಲೇಬೇಡಿ ಅಂದಿದ್ದ. ಫಿನ್ಯೋಂ ತಲೆಗೆ ಹೆಲ್ಮೆಟ್ ಇಲ್ಲ, ಹಿಂದೆ ಜುಟ್ಟು ಹಾರುತ್ತಿತ್ತು. ಮೇಲಾಗಿ ಸೀಟು ಉಜ್ಜಿ ಆದ ಹುಣ್ಣು, ಕೂರಲೂ ಆಗದ ನೋವು. ಹಾಗಿದ್ದೂ ಅವನು ಆ ಸ್ಟೇಜ್‌ನಲ್ಲಿ ಮೂರನೆಯವನು! ಕೆಟ್ಟದಾಗಿ ಓಡಿಸಿ ಸೋತದ್ದಲ್ಲ.

ಹಾಗಾಗಿ ಚೀಟಿ ಬರೆಯುವ ಮುಂಚೆ ಇಬ್ಬರ ಸಾಮಾನು ಒಂದೇ ಮಟ್ಟದ್ದಾ ಅಂತ ನೋಡಿ. ಈಗ ದೊಡ್ಡ ತಂಡಗಳೆಲ್ಲ ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿಕೊಂಡೇ ಬರುತ್ತವೆ, ಆ ಮಟ್ಟದ ವ್ಯತ್ಯಾಸ ಸಿಗುವುದು ಅಪರೂಪ. ಹುಣ್ಣಿನ ಸುದ್ದಿ ಮಾತ್ರ ಈಗಲೂ ಮುಚ್ಚಿಡುತ್ತಾರೆ.

ಚೀಟಿಯಲ್ಲಿ ಒಂದೇ ಸಂಖ್ಯೆ ಬರೆಯಬೇಡಿ

"ಇಷ್ಟರಿಂದ ಇಷ್ಟರೊಳಗೆ" ಅಂತ ಬರೆಯಿರಿ. ಒಂದು ನಿಜವಾದ ಉದಾಹರಣೆ, ನನ್ನ ನೋಟ್ ಪುಸ್ತಕದ್ದೇ. 2023ರ ಮೇ 27, ಜಿರೋದ 20ನೇ ಸ್ಟೇಜ್, ತಾರ್ವಿಸಿಯೊದಿಂದ ಮೊಂಟೆ ಲುಸ್ಸಾರಿ, 18.6 ಕಿ.ಮೀ. ಜಿರೋದಲ್ಲಿ ಮುಂದಿರುವವನು ಹಾಕುವ ಗುಲಾಬಿ ಜೆರ್ಸಿ ಗೆರೈಂಟ್ ಥಾಮಸ್‌ದು. ಎರಡು ದಿನ ಹಿಂದೆ 37 ತುಂಬಿತ್ತು. ರೊಗ್ಲಿಚ್ 26 ಸೆಕೆಂಡ್ ಹಿಂದೆ. ಭಾಗಿಸಿದರೆ 1.4.

ರಸ್ತೆ: ಮೊದಲ 11 ಕಿ.ಮೀ. ಸುಲಭ, ಆಮೇಲೆ 7.3 ಕಿ.ಮೀ. ಸರಾಸರಿ 12 ಪರ್ಸೆಂಟ್ ಏರು. ಭಯಂಕರ.

ಹಿಂದಿನ ಅಂಕಿ: ಚೆಸೆನಾದ 35 ಕಿ.ಮೀ. ಸಪಾಟು ಟೈಮ್ ಟ್ರಯಲ್‌ನಲ್ಲಿ ಥಾಮಸ್ 16 ಸೆಕೆಂಡ್ ಬೇಗ. ಅದೇ ದರದಲ್ಲಿ 11 ಕಿ.ಮೀ.ಗೆ 5 ಸೆಕೆಂಡ್ ಥಾಮಸ್ ಪರ. ಮೂರನೇ ಒಂದು ಭಾಗ ಕಳೆದರೂ ಮೂರೋ ನಾಲ್ಕೋ, ಇರಲಿ ಐದೇ ಇಟ್ಟುಕೊಂಡೆ. ಅಂದರೆ ಏರಿನಲ್ಲಿ ರೊಗ್ಲಿಚ್ 31 ಸೆಕೆಂಡ್ ತೆಗೆಯಬೇಕು. ಏರಿಗೆ ಅರ್ಧ ಗಂಟೆ ಹತ್ತಿರ ಹಿಡಿಯುತ್ತದೆ ಅಂದುಕೊಂಡೆ. 31 ಸೆಕೆಂಡ್ ಅಂದರೆ 2 ಪರ್ಸೆಂಟಿಗಿಂತ ಕಡಿಮೆ. ಆಗುವಂಥದ್ದೇ.

ಕೊನೆಯ ದಿನಗಳು: ಮಂಗಳವಾರ ಮೊಂಟೆ ಬೊಂಡೊನೆಯಲ್ಲಿ ರೊಗ್ಲಿಚ್ 25 ಸೆಕೆಂಡ್ ಕಳೆದುಕೊಂಡಿದ್ದ. ಗುರುವಾರ ಸಮಸಮ. ಶುಕ್ರವಾರ ತ್ರೆ ಚಿಮೆಯಲ್ಲಿ 3 ಸೆಕೆಂಡ್ ಮುಂದೆ. ಒಬ್ಬ ಚೇತರಿಸಿಕೊಳ್ಳುತ್ತಿದ್ದಾನೆ, ಇನ್ನೊಬ್ಬ ನಿಧಾನಕ್ಕೆ ಇಳಿಯುತ್ತಿದ್ದಾನೆ.

ಚೀಟಿ: "ರೊಗ್ಲಿಚ್ ಸ್ಟೇಜ್‌ನಲ್ಲಿ 15ರಿಂದ 45 ಸೆಕೆಂಡ್ ಬೇಗ. ಜಿರೋ ರೊಗ್ಲಿಚ್‌ಗೆ, ಹತ್ತರಲ್ಲಿ ಆರು."

ಆಮೇಲೆ ನೋಡುವಾಗ ಪರದೆಯ ಮೂಲೆಯಲ್ಲಿ ಕ್ಷಣಕ್ಕೊಮ್ಮೆ ಕುಣಿಯುವ ಜಿಪಿಎಸ್ ಅಂತರ ನಂಬಬೇಡಿ. ರಸ್ತೆಯಲ್ಲಿ ನಿಜವಾದ ಗೆರೆ ಹಾಕಿ ಸಮಯ ಅಳೆಯುವ ಜಾಗಗಳಿರುತ್ತವೆ, ಅದನ್ನು ಮಾತ್ರ ಬರೆದುಕೊಳ್ಳಿ. ಮೊದಲ ಗೆರೆಯಲ್ಲಿ ಹಿಂದಿದ್ದವನು ಸೋತ ಅಂತಲ್ಲ, ಶಕ್ತಿ ಉಳಿಸಿಟ್ಟಿರಬಹುದು. ಎರಡನೇ ಗೆರೆಯಲ್ಲಿ ಅಂತರ ಬೆಳೆದಿದೆಯಾ, ಕುಗ್ಗಿದೆಯಾ ನೋಡಿ. ಮುಖ ನೋಡಬೇಡಿ, ಭುಜ ನೋಡಿ. ಭುಜ ಅಲ್ಲಾಡಲು ಶುರುವಾದರೆ, ಸೀಟಿನ ತುದಿಗೆ ಜರುಗಿ ಜರುಗಿ ಕೂತರೆ ಒಳಗೆ ಏನೂ ಉಳಿದಿಲ್ಲ ಅಂತ. 2020ರಲ್ಲಿ ರೊಗ್ಲಿಚ್‌ನ ಹಳದಿ ಹೆಲ್ಮೆಟ್ ಹಣೆಯಿಂದ ಮೇಲೆ ಸರಿದು ಓರೆಯಾಗಿ ಕೂತಿತ್ತು, ಸರಿ ಮಾಡಿಕೊಳ್ಳುವ ತ್ರಾಣವೂ ಇಲ್ಲದ ಹಾಗೆ.

ಲುಸ್ಸಾರಿಯಲ್ಲಿ ಏರಿನ ಬುಡದ ತನಕ ಇಬ್ಬರೂ ಹೆಚ್ಚು ಕಡಿಮೆ ಸಮ. ಏರಿನಲ್ಲಿ ರೊಗ್ಲಿಚ್ ಒಂದೊಂದೇ ಸೆಕೆಂಡ್ ಕಿತ್ತುಕೊಳ್ಳುತ್ತಾ ಹೋದ. ನಾನು ತಟ್ಟೆ ಪಕ್ಕಕ್ಕಿಟ್ಟು ಪೆನ್ ಹಿಡಿದೆ. ಅಷ್ಟರಲ್ಲಿ ಚೈನು ಬಿತ್ತು. ಆ ಕಡಿದಾದ ಕಾಂಕ್ರೀಟ್ ರಸ್ತೆಯಲ್ಲಿ ಇಳಿದು, ಕೈಯಿಂದ ಚೈನು ಕೂರಿಸಿ, ಮತ್ತೆ ಹತ್ತುವುದಕ್ಕೆ ಆಗುತ್ತಿಲ್ಲ. ರಸ್ತೆ ಬದಿ ನಿಂತಿದ್ದ ಒಬ್ಬ ಹಿಂದಿನಿಂದ ನೂಕಿ ಹೊರಡಿಸಿದ. ಆ ಮನುಷ್ಯ ರೊಗ್ಲಿಚ್ ಸ್ಕೀ ಜಂಪ್ ಮಾಡುತ್ತಿದ್ದ ಕಾಲದ ಅದೇ ತಂಡದ ಗೆಳೆಯ ಅಂತ ಆಮೇಲೆ ಗೊತ್ತಾಯಿತು. ಇದನ್ನು ಯಾವ ಚೀಟಿಯಲ್ಲಿ ಬರೆಯುತ್ತೀರಿ ಹೇಳಿ!

ರೊಗ್ಲಿಚ್ 40 ಸೆಕೆಂಡ್‌ನಿಂದ ಸ್ಟೇಜ್ ಗೆದ್ದ, 14 ಸೆಕೆಂಡ್‌ನಿಂದ ಜಿರೋ. ನನ್ನ ಚೀಟಿಯ 15ರಿಂದ 45ರ ಒಳಗೇ ಇತ್ತು. ಚೈನು ಬೀಳದಿದ್ದರೆ 45 ದಾಟುತ್ತಿತ್ತು, ನೀನು ಸೋಲುತ್ತಿದ್ದೆ ಅಂತ ಒಬ್ಬ ಈಗಲೂ ವಾದ ಮಾಡುತ್ತಾನೆ. ಮಾಡಲಿ. ದೋಸೆ ತಿಂದಾಗಿದೆ.